ಮೂವರನ್ನೂ ಎಬ್ಬಿಸುವ ಇನ್‌ಸ್ಟಾಲಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಬಾಗಿಲ ಕಾವಲುಗಾರ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾನೆ. ಅವನ ನಿದ್ದೆ ಕೆಡಿಸದಂತೆ ಬಾಗಿಲನ್ನು ತುಸು ಮೇಲಕ್ಕೆತ್ತಿ ತಳ್ಳಿ, ಐವತ್ತೆರಡರ ಹೆಂಗಸೊಬ್ಬರು ಒಳಗೆ ಬರುತ್ತಾರೆ. ನೆಲ ಆಗಷ್ಟೇ ಒರೆಸಿದ್ದು, ಇನ್ನೂ ಹಸಿಯಾಗಿದೆ. ಅವರು ಗೋಡೆಯಂಚು ಹಿಡಿದು ನಡೆಯುತ್ತಾರೆ. ಹದಿನಾರು ವರ್ಷ ಇದೇ ನೆಲವನ್ನು ಒರೆಸಿದವರಿಗೆ, ಒರೆಸಿದ ನೆಲದ ಮೇಲೆ ಹೆಜ್ಜೆ ಮೂಡಿಸುವವರನ್ನು ಕಂಡರೆ ಎಷ್ಟು ಮೈ ಉರಿಯುತ್ತದೆಂಬುದು ಚೆನ್ನಾಗಿ ಗೊತ್ತು.

ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯೇ ವಿಚಾರಣಾ ದೂರವಾಣಿ ಕೋಣೆ. ಮೂರು ಮೇಜು, ಮೂರು ಕಂಪ್ಯೂಟರು, ಮೂರು ಮೊಳೆಗಳಿಗೆ ನೇತುಹಾಕಿದ ಮೂರು ಹೆಡ್‌ಫೋನು. ಅವರು ಮೂರನ್ನೂ ಚಾಲೂ ಮಾಡಿ, ಮೊದಲ ಮೇಜಿನ ಹೆಡ್‌ಫೋನನ್ನು ಒಂದೇ ಕಿವಿಗೆ ಒತ್ತಿಕೊಂಡು ಕಾಯುತ್ತಾರೆ. ‘ನಮಸ್ಕಾರ, ಸಿದ್ಧವಾಗಿದೆ’ ಎನ್ನುತ್ತದೆ ಯಂತ್ರದ ದನಿ. ಎರಡನೆಯದು ತುಟಿ ಪಿಟಕ್ಕೆನ್ನುವುದಿಲ್ಲ. ಮೂರನೆಯದು ‘ನಮ’ ಎಂದು ಅಷ್ಟಕ್ಕೇ ನಿಂತುಬಿಡುತ್ತದೆ. ಅವರು ಇನ್ನೊಂದು ಕಿವಿಗೆ ಒತ್ತಿ ನೋಡುತ್ತಾರೆ, ತಪ್ಪು ಕಿವಿಯದೇ ಇದ್ದರೂ ಇರಬಹುದೆಂಬಂತೆ.

“ನಿನ್ನೆ ಸಂಜೆ ಇದೇ ಯಂತ್ರ ‘ಅಪ್‌ಡೇಟ್ ಯಶಸ್ವಿಯಾಗಿದೆ’ ಅಂತ ತೋರಿಸ್ತು. ಯಶಸ್ವಿ ಆಗಿದ್ರೆ ನನಗೆ ಇಲ್ಲೇನು ಕೆಲಸ ಹೇಳಿ,” ಎನ್ನುತ್ತ ಅವರು ಕುರ್ಚಿ ಎಳೆದುಕೊಳ್ಳುತ್ತಾರೆ.

ಆಸ್ಪತ್ರೆಯಲ್ಲಿ ಇವರ ನಿಜವಾದ ಹೆಸರು ಹೇಳಿ ಕೇಳಿದರೆ ಸಂಬಳದ ಪಟ್ಟಿ ನೋಡಬೇಕಾಗುತ್ತದೆ. ಎಲ್ಲರಿಗೂ ಇವರು ಇನ್‌ಸ್ಟಾಲಕ್ಕ. ವೈದ್ಯರಿಗೂ, ಔಷಧದಂಗಡಿಯವನಿಗೂ, ಮನೆಯಲ್ಲಿ ಗಂಡನಿಗೂ. ಕೆಲಸ ಇಷ್ಟೇ: ಏಳು ಗಂಟೆಗೆ ಕೋಣೆ ತೆರೆಯುವ ಮೊದಲು ಆ ಮೂರು ಯಂತ್ರಗಳೂ ಮಾತಾಡುತ್ತಿರಬೇಕು. ಯಾಕೆಂದರೆ ಅಲ್ಲಿ ಕೂರುವ ಮೂವರಿಗೂ ಕಣ್ಣು ಕಾಣುವುದಿಲ್ಲ.

ಮೂವರಲ್ಲಿ ಹಿರಿಯರು ದೊಡ್ಡಣ್ಣ. ಇಪ್ಪತ್ತಾರು ವರ್ಷದ ಸರ್ವೀಸು. ಉಳಿದಿಬ್ಬರು ಒಡಹುಟ್ಟಿದ ಅಕ್ಕತಂಗಿಯರು. ಯಾವ ರೋಗಿ ಯಾವ ವಾರ್ಡು, ಯಾವ ಡಾಕ್ಟರು ಎಷ್ಟು ಹೊತ್ತಿಗೆ, ರಕ್ತಪರೀಕ್ಷೆಯ ವರದಿ ಬಂತೋ ಇಲ್ಲವೋ ಎಂದು ಊರಿನವರೆಲ್ಲ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುವವರು ಇವರು. ದಿನಕ್ಕೆ ಸರಾಸರಿ ಆರುನೂರು ಕರೆ. ಪರದೆಯ ಮೇಲೆ ಬಂದದ್ದನ್ನು ತಂತ್ರಾಂಶವೊಂದು ಇವರ ಕಿವಿಗೆ ಓದಿ ಹೇಳುತ್ತದೆ, ಇವರು ಕರೆ ಮಾಡಿದವರಿಗೆ ಹೇಳುತ್ತಾರೆ. ಆ ತಂತ್ರಾಂಶ ಬಾಯಿ ಮುಚ್ಚಿತೆಂದರೆ ಇವರ ಮುಂದಿರುವುದು ಬರೀ ಬೆಚ್ಚಗಿನ ಗಾಜು.

ಹದಿನೆಂಟು ತಿಂಗಳಿಂದ ಅದು ಬಾಯಿ ಮುಚ್ಚುತ್ತಲೇ ಇದೆ. ಮೊದಲೆಲ್ಲ ತಂತ್ರಾಂಶ ಎರಡು ವರ್ಷಕ್ಕೊಮ್ಮೆ ಬದಲಾಗುತ್ತಿತ್ತು. ಯಾರೋ ಬಂದು ಹಾಕಿ ಹೋಗುತ್ತಿದ್ದರು. ಆಮೇಲೆ ಕಂಪನಿಯವರು ತಾನೇ ತಾನಾಗಿ ಹೊಸದನ್ನು ತಂದು ಹಾಕಿಕೊಳ್ಳುವ ಅಪ್‌ಡೇಟರ್ ಒಂದನ್ನು ಕೂರಿಸಿದರು. ಅಂದಿನಿಂದ ಶುರುವಾಯಿತು. ಸೋಮವಾರ ಒಂದು ಯಂತ್ರ ಮೂಕ, ಬುಧವಾರ ಎರಡು, ಗುರುವಾರ ಮೂರೂ ಸರಿ, ಶುಕ್ರವಾರ ಮೂರೂ ಮೂಕ. ಅಪ್‌ಡೇಟರ್ ಮಾತ್ರ ಒಂದು ದಿನವೂ ಸೋಲೊಪ್ಪಿಕೊಂಡದ್ದಿಲ್ಲ. ಪ್ರತಿಸಲವೂ ಹಸಿರು ಗುರುತು ಹಾಕಿ, ಯಶಸ್ವಿ ಎಂದು ಬರೆದು ಮಲಗುತ್ತದೆ.

ಹಳೆಯದನ್ನು ಪೂರ್ತಿ ತೆಗೆದು, ಒಮ್ಮೆ ರೀಸ್ಟಾರ್ಟ್ ಮಾಡಿ, ಮತ್ತೆ ಇನ್‌ಸ್ಟಾಲ್ ಮಾಡಿ, ಇನ್ನೊಮ್ಮೆ ರೀಸ್ಟಾರ್ಟ್ ಮಾಡಲು ಒಂದು ಯಂತ್ರಕ್ಕೆ ನಲವತ್ತು ನಿಮಿಷ. ಅದಾದ ಮೇಲೆ ಯಂತ್ರ ಹೊಸದಾಗಿ ಹುಟ್ಟಿದಂತೆ ಎಲ್ಲವನ್ನೂ ಮರೆತಿರುತ್ತದೆ. ದೊಡ್ಡಣ್ಣನಿಗೆ ಓದುವ ವೇಗ ತೊಂಬತ್ತು ಬೇಕು, ಬೇರೆಯವರಿಗೆ ಅದು ಬರೀ ಜೇನುಹುಳದ ಗುಂಯ್‌ಗುಡುವಿಕೆ. ಅಕ್ಕನಿಗೆ ಎಪ್ಪತ್ತು. ತಂಗಿಗೆ ಎಪ್ಪತ್ತೈದು, ಜೊತೆಗೆ ದನಿ ಸ್ವಲ್ಪ ದಪ್ಪ ಇರಬೇಕು. ಕೀರಲು ದನಿಗೆ ಅವರಿಗೆ ತಲೆನೋವು ಬರುತ್ತದೆ. ಇದೆಲ್ಲ ಇನ್‌ಸ್ಟಾಲಕ್ಕನ ಬಾಯಿಪಾಠ. ಮಕ್ಕಳಲ್ಲಿ ಯಾರಿಗೆ ಬಿಸಿ ಹಾಲು, ಯಾರಿಗೆ ತಣ್ಣನೆಯದು ಎಂದು ನೆನಪಿಟ್ಟುಕೊಂಡ ಹಾಗೆ.

ಇವರ ಚೀಲದಲ್ಲೊಂದು ರಟ್ಟಿನ ಹೊದಿಕೆಯ ನೋಟ್‌ಬುಕ್ಕಿದೆ. ಪ್ರತಿ ಮರುಸ್ಥಾಪನೆಗೂ ಒಂದು ಗೀಟು, ಪಕ್ಕದಲ್ಲಿ ತಾರೀಕು ಮತ್ತು ಮೇಜಿನ ಸಂಖ್ಯೆ. ಇವತ್ತಿನ ಎರಡೂ ಸೇರಿದರೆ ನಾನೂರ ಹನ್ನೆರಡು. ಆ ಗೀಟುಗಳಲ್ಲಿ ಏನಾದರೂ ಕ್ರಮ ಕಾಣುತ್ತದೆಯೇ ಎಂದು ಅವರು ಪುಟಗಳನ್ನು ಅಡ್ಡ, ಉದ್ದ, ತಲೆಕೆಳಗು ಮಾಡಿ ನೋಡಿದ್ದಾರೆ. ಕಂಡದ್ದು ತಲೆನೋವು ಮಾತ್ರ.

ಈ ಕೆಲಸ ಯಾರೂ ಇವರಿಗೆ ಕೊಟ್ಟದ್ದಲ್ಲ. ಒಂಬತ್ತು ವರ್ಷದ ಹಿಂದೆ, ಈ ಯಂತ್ರಗಳು ಹೊಸದಾಗಿ ಬಂದಾಗ, ಇವರ ಕೈಯಲ್ಲಿ ಬಕೆಟ್ಟಿತ್ತು. ಒಂದು ಬೆಳಿಗ್ಗೆ ದೊಡ್ಡಣ್ಣ ಬೇಗ ಬಂದು ಕೂತರೆ ಯಂತ್ರ ಮಾತಾಡುತ್ತಿಲ್ಲ. ಕಂಪ್ಯೂಟರ್ ವಿಭಾಗ ಇರುವುದು ಊರಿನ ಇನ್ನೊಂದು ತುದಿಯಲ್ಲಿ, ಬಾಗಿಲು ತೆರೆಯುವುದು ಹತ್ತು ಗಂಟೆಗೆ. ನೆಲ ಒರೆಸುತ್ತಿದ್ದ ಇವರನ್ನು ಅವರು ಕರೆದು, ಪರದೆಯ ಮೇಲೆ ಏನಿದೆ ಓದಿ ಹೇಳಲು ಕೇಳಿದರು. ಏಳನೇ ತರಗತಿಯವರೆಗೆ ಓದಿದ್ದ ಇವರು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು. ಯಾವ ಗುಂಡಿ ಒತ್ತಬೇಕೆಂದು ದೊಡ್ಡಣ್ಣ ಹೇಳಿದರು. ಅರ್ಧ ಗಂಟೆಯಲ್ಲಿ ಯಂತ್ರ ನಮಸ್ಕಾರ ಎಂದಿತು. ನೆಲ ಅರ್ಧಕ್ಕೇ ಒಣಗಿ ಕಲೆಯಾದದ್ದಕ್ಕೆ ಮೇಲ್ವಿಚಾರಕಿಯಿಂದ ಬೈಗುಳವೂ ಸಿಕ್ಕಿತು.

“ಅವರಿಗೆ ಕಣ್ಣಿಲ್ಲ, ನನಗೆ ವಿದ್ಯೆ ಇಲ್ಲ. ಇಬ್ಬರೂ ಸೇರಿ ಒಬ್ಬ ಇಂಜಿನಿಯರ್ ಆದ್ವಿ,” ಎಂದು ಇನ್‌ಸ್ಟಾಲಕ್ಕ ನಗುತ್ತಾರೆ. ಕ್ರಮೇಣ ಬಕೆಟ್ಟು ಬೇರೆಯವರ ಕೈಗೆ ಹೋಯಿತು, ಇವರಿಗೆ ಈ ಕೋಣೆಯ ಬೀಗದ ಕೈ ಬಂತು. ಕಾಗದದಲ್ಲಿ ಮಾತ್ರ ಇವರಿನ್ನೂ ‘ಸಹಾಯಕಿ, ಸ್ವಚ್ಛತೆ’.

ಬೀಗದ ಕೈ ಬಂದ ವರ್ಷವೇ ಇವರೊಂದು ಜಾಣತನ ಮಾಡಿದರು. ಚೆನ್ನಾಗಿ ಮಾತಾಡುತ್ತಿದ್ದ ಕಾಲದ ತಂತ್ರಾಂಶದ ಪೂರ್ತಿ ಪ್ರತಿಯೊಂದನ್ನು ಮೂರೂ ಯಂತ್ರಗಳಲ್ಲಿ ಒಂದೊಂದು ಫೋಲ್ಡರಿನಲ್ಲಿ ಹಾಕಿಟ್ಟರು. ಇಂಟರ್‌ನೆಟ್ ಕೈಕೊಟ್ಟರೂ, ಕಂಪನಿ ಫೋನೆತ್ತದಿದ್ದರೂ ಆ ಪ್ರತಿಯಿಂದ ಮತ್ತೆ ಇನ್‌ಸ್ಟಾಲ್ ಮಾಡಬಹುದು. ಆ ಫೋಲ್ಡರಿಗೆ ತಾವೇ ಯೋಚಿಸಿ ‘ಆಪತ್ತಿನ ಗಂಟು’ ಎಂದು ಹೆಸರಿಟ್ಟರು. ತಮ್ಮ ಅಜ್ಜಿ ಕಷ್ಟಕಾಲಕ್ಕೆಂದು ಕಪಾಟಿನ ಹಿಂದೆ ಬಟ್ಟೆ, ಬೆಂಕಿಪೆಟ್ಟಿಗೆ, ಮೇಣದಬತ್ತಿ ಕಟ್ಟಿಡುತ್ತಿದ್ದುದರ ನೆನಪಿಗೆ. ನಾನೂರ ಹನ್ನೆರಡು ಸಲವೂ ಕಾಪಾಡಿದ್ದು ಆ ಗಂಟೇ. ಅದನ್ನು ತೆರೆದಾಗಲೆಲ್ಲ ಇನ್‌ಸ್ಟಾಲಕ್ಕನ ಮುಖ ಅರಳುತ್ತದೆ.

ಕಂಪನಿಗೆ ಇವರು ದೊಡ್ಡಣ್ಣನಿಂದ ಹೇಳಿಸಿಕೊಂಡು ಇಪ್ಪತ್ತಮೂರು ಪತ್ರ ಬರೆದಿದ್ದಾರೆ. ಇಪ್ಪತ್ತಮೂರಕ್ಕೂ ಉತ್ತರ ಬಂದಿದೆ. ಉತ್ತರ ಒಂದೇ: ತಮ್ಮ ಸಮಸ್ಯೆಗೆ ವಿಷಾದಿಸುತ್ತೇವೆ, ದಯವಿಟ್ಟು ತಂತ್ರಾಂಶವನ್ನು ಮರುಸ್ಥಾಪಿಸಿ. ಅಪ್‌ಡೇಟರನ್ನೇ ಬಂದ್ ಮಾಡಿ ನೋಡಿದ್ದೂ ಆಯಿತು. ಸುರಕ್ಷತೆಯ ನಿಯಮವಂತೆ, ಕಂಪ್ಯೂಟರ್ ವಿಭಾಗದವರು ದೂರದಿಂದಲೇ ಅದನ್ನು ಮತ್ತೆ ಚಾಲೂ ಮಾಡಿಬಿಡುತ್ತಾರೆ. ಅಲ್ಲಿಂದ ತಿಂಗಳಿಗೊಮ್ಮೆ ಬರುವ ಇಂಜಿನಿಯರ್ ಬಂದ ದಿನ ಮೂರೂ ಯಂತ್ರಗಳು ಒಳ್ಳೆಯ ಮಕ್ಕಳಂತೆ ನಮಸ್ಕಾರ ಹೇಳುತ್ತವೆ. ಅವನು ಇವರ ಮುಖವನ್ನೊಮ್ಮೆ, ಯಂತ್ರವನ್ನೊಮ್ಮೆ ನೋಡಿ ಹೊರಟುಹೋಗುತ್ತಾನೆ.

ಮನೆಯಲ್ಲೂ ಇದೇ ಮಾತು. ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಮನೆಯ ಮುಂಗೋಣೆಯೇ ಅಂಗಡಿ. ಎಣ್ಣೆ ಡಬ್ಬಿ, ಚಕ್ರ, ಪೆಡಲುಗಳ ನಡುವೆಯೇ ಊಟದ ಮೇಜು. ತಾವು ಒಂದು ಸಲ ಕೈ ಹಾಕಿದ ಯಂತ್ರ ಐದು ವರ್ಷ ತಮ್ಮ ಹೊಸ್ತಿಲು ತುಳಿಯುವುದಿಲ್ಲ, ನಿನ್ನ ಗಿರಾಕಿಗಳೋ ದಿನಾ ಬೆಳಗಾದರೆ ಬಾಗಿಲಲ್ಲಿ ಎಂದು ಅವರು ಹೆಂಡತಿಯನ್ನು ಛೇಡಿಸುತ್ತಾರೆ. ಬಿಚ್ಚಿ ನೋಡಲಾಗದ ಸಾಮಾನನ್ನು ಅವರು ಸಾಮಾನೆಂದೇ ಒಪ್ಪುವುದಿಲ್ಲ. ಎಂಬತ್ತು ದಾಟಿದ ಅತ್ತೆಗೆ ಕಂಪ್ಯೂಟರೆಂದರೆ ಏನೆಂದು ಗೊತ್ತಿಲ್ಲ. ಸೊಸೆ ನಸುಕಿನಲ್ಲಿ ಎದ್ದು ಯಾರೋ ಮೂವರನ್ನು ಎಬ್ಬಿಸಲು ಹೋಗುತ್ತಾಳೆ, ಅವರು ಮಹಾ ಸೋಮಾರಿಗಳು ಎಂಬಷ್ಟು ಅವರಿಗೆ ಅರ್ಥವಾಗಿದೆ. ಸೊಸೆ ಮನೆಗೆ ಬಂದ ಕೂಡಲೇ ಅವರು ಕೇಳುವ ಮೊದಲ ಪ್ರಶ್ನೆ, “ಮೂವರೂ ಎದ್ದರಾ?”

ಈಗ ಆ ಪ್ರಶ್ನೆಗೆ ಇನ್‌ಸ್ಟಾಲಕ್ಕನಿಗೆ ನಗು ಬರುವುದಿಲ್ಲ. ಕಳೆದ ತಿಂಗಳು ಒಂದು ಬೆಳಿಗ್ಗೆ ಮೂರೂ ಯಂತ್ರ ಒಟ್ಟಿಗೆ ಮಲಗಿದವು, ಒಂಬತ್ತೂಕಾಲಾದರೂ ಏಳಲಿಲ್ಲ. ಆ ಹೊತ್ತಿನಲ್ಲಿ ಒಬ್ಬಾತ ಹೆಂಡತಿ ಯಾವ ವಾರ್ಡಿನಲ್ಲಿದ್ದಾಳೆಂದು ಕೇಳಿದಾಗ, ಅಕ್ಕತಂಗಿಯರಲ್ಲಿ ಅಕ್ಕ ಹಿಂದಿನ ದಿನದ ನೆನಪಿನಿಂದ ಆರನೆಯ ವಾರ್ಡೆಂದರು. ಆಕೆಯನ್ನು ಆಗಲೇ ನಾಲ್ಕಕ್ಕೆ ಸಾಗಿಸಿದ್ದರು. ಆತ ಖಾಲಿ ಹಾಸಿಗೆ ನೋಡಿ ಕುಸಿದು ಕೂತ. ಸತ್ಯ ಗೊತ್ತಾಗಲು ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷವನ್ನು ಅವನು ದೂರಿನಲ್ಲಿ ಎರಡು ಪುಟ ಬರೆದ. ಬರೆಯದೆ ಇರುತ್ತಾನೆಯೇ?

ಆಡಳಿತಾಧಿಕಾರಿ ಕೆಟ್ಟವರಲ್ಲ. ಆದರೆ ದೂರು ಅವರ ಮೇಜಿನ ಮೇಲಿತ್ತು, ಅದರ ಪಕ್ಕದಲ್ಲೇ ‘ವಾರ್ಡಿಗೆ ಒಂದನ್ನು ಒತ್ತಿ, ವರದಿಗೆ ಎರಡನ್ನು ಒತ್ತಿ’ ಎನ್ನುವ ಧ್ವನಿಮುದ್ರಿತ ಯಂತ್ರದ ಕರಪತ್ರವೂ ಇತ್ತು. ಹದಿನಾಲ್ಕು ದಿನ ಗಡುವು ಕೊಟ್ಟರು. ಹದಿನಾಲ್ಕು ದಿನವೂ ಏಳು ಗಂಟೆಗೆ ಸರಿಯಾಗಿ ಮೂರೂ ಫೋನ್ ಲೈನು ತೆರೆದಿದ್ದರೆ ಕೋಣೆ ಉಳಿಯುತ್ತದೆ. ಒಂದು ದಿನ ತಪ್ಪಿದರೂ ಆ ಯಂತ್ರ ಬರುತ್ತದೆ, ಮೂವರನ್ನೂ ಹಳೆಯ ಕಡತಗಳ ಉಗ್ರಾಣಕ್ಕೆ ಕಳಿಸಲಾಗುತ್ತದೆ. ಸಂಬಳಕ್ಕೆ ಚ್ಯುತಿ ಇಲ್ಲ. ಕೂರಲು ಕುರ್ಚಿ ಇದೆ, ಮಾಡಲು ಕೆಲಸವಿಲ್ಲ.

“ಕಡತ ಓದಕ್ಕಾಗದವರನ್ನ ಕಡತದ ಮಧ್ಯ ಕೂರಿಸ್ತಾರಂತೆ,” ಎಂದು ದೊಡ್ಡಣ್ಣ ಹೇಳಿದ್ದು ಅಷ್ಟೇ. ಆ ದಿನ ಅವರು ಚಹಾ ಮುಟ್ಟಲಿಲ್ಲ ಎನ್ನುತ್ತಾರೆ ಇನ್‌ಸ್ಟಾಲಕ್ಕ.

ಇವತ್ತು ಒಂಬತ್ತನೆಯ ದಿನ. ಆರು ಗಂಟೆ ಐವತ್ತಾರು ನಿಮಿಷಕ್ಕೆ ಮೂರನೆಯ ಯಂತ್ರ ನಮಸ್ಕಾರವನ್ನು ಪೂರ್ತಿ ಹೇಳಿ ಮುಗಿಸುತ್ತದೆ. ಇನ್‌ಸ್ಟಾಲಕ್ಕ ವೇಗ ಎಪ್ಪತ್ತೈದಕ್ಕೆ ತಂದು, ದನಿ ದಪ್ಪ ಮಾಡಿ ಏಳುವಷ್ಟರಲ್ಲಿ ಅಕ್ಕತಂಗಿಯರ ಕೋಲಿನ ಸದ್ದು ಹಜಾರದಲ್ಲಿ ಕೇಳುತ್ತದೆ. ಒಂಬತ್ತು ದಿನದಲ್ಲಿ ಗೀಟುಗಳು ಹದಿನೇಳು. ಏಳು ಗಂಟೆ ಮಾತ್ರ ಒಂದು ದಿನವೂ ತಪ್ಪಿಲ್ಲ.

ಹೀಗೆ ಎಷ್ಟು ದಿನ? ಇನ್‌ಸ್ಟಾಲಕ್ಕನಿಗೆ ತಲೆಬುಡ ತಿಳಿಯುತ್ತಿಲ್ಲ. ಪ್ಲಗ್ಗು ಬದಲಾಯಿಸಿದ್ದಾರೆ. ಯಂತ್ರಗಳ ಜಾಗ ಬದಲಾಯಿಸಿದ್ದಾರೆ. ಅಕ್ಕತಂಗಿಯರು, ಎರಡನೆಯ ಯಂತ್ರಕ್ಕೆ ದೊಡ್ಡಣ್ಣನ ಗೊಗ್ಗರು ದನಿಯೇ ಆಗಿಬರುವುದಿಲ್ಲ ಎಂದಾಗ, ಅದನ್ನೂ ಒಂದು ವಾರ ನಿಜವಿರಬಹುದೇ ಎಂದು ಯೋಚಿಸಿದ್ದಾರೆ. ಅಷ್ಟು ದಿಕ್ಕೆಟ್ಟಿದ್ದಾರೆ.

ಗಡುವು ಬಂದ ಮೇಲೆ ಅವರು ಇನ್ನೊಂದು ಕೆಲಸ ಮಾಡುತ್ತಿದ್ದಾರೆ. ಅವರ ಪಾಳಿ ಮಧ್ಯಾಹ್ನ ಎರಡಕ್ಕೇ ಮುಗಿಯುತ್ತದೆ. ಕೋಣೆ ಮುಚ್ಚುವುದು ಸಂಜೆ ಐದಕ್ಕೆ. ಇಷ್ಟು ವರ್ಷ ಸಂಜೆ ಯಂತ್ರಗಳು ಹೇಗೆ ಮಲಗುತ್ತವೆಂದು ಅವರು ನೋಡಿದವರೇ ಅಲ್ಲ. ಅತ್ತೆ ಒಮ್ಮೆ, ಬೆಳಿಗ್ಗೆ ಏಳದವರು ರಾತ್ರಿ ಹೇಗೆ ಮಲಗಿದರು ನೋಡು ಅಂದದ್ದು ಮನಸ್ಸಿನಲ್ಲಿತ್ತಂತೆ. ಹಾಗಾಗಿ ಐದರವರೆಗೂ ನಿಂತು, ಯಂತ್ರ ಬಂದ್ ಆಗುವ ಹೊತ್ತಿಗೆ ಪರದೆಗೆ ಮೂಗು ತಾಗಿಸಿ ನೋಡುತ್ತಾರೆ. ಕೊನೆಯಲ್ಲಿ ಒಂದು ಬೂದು ಬಣ್ಣದ ಚೌಕ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಮಾಯವಾಗುತ್ತದೆ. ಒಳಗೆ ಏನೋ ಬರೆದಿರುತ್ತದೆ. ಫೋನಿನಲ್ಲಿ ಫೋಟೋ ಹಿಡಿಯಲು ಹೋದರೆ ಬೂದು ಮಸುಕು ಮಾತ್ರ ಸಿಗುತ್ತದೆ. ಅಂಥ ಹನ್ನೊಂದು ಮಸುಕು ಅವರ ಫೋನಿನಲ್ಲಿವೆ.

ಈ ಸಂಜೆಯೂ ಚೌಕ ಬರಲಿದೆಯೆಂದು ಅವರು ಬಗ್ಗಿ ನಿಂತಾಗ, ಹೆಡ್‌ಫೋನು ತೆಗೆದು ಮೊಳೆಗೆ ಹಾಕಲು ಹೊರಟಿದ್ದ ದೊಡ್ಡಣ್ಣನ ಕೈ ನಿಲ್ಲುತ್ತದೆ.

“ಅಕ್ಕಾ, ನೀವು ನೋಡಿದ್ದಾಯ್ತು. ಇವತ್ತು ನಾನು ಕೇಳ್ತೀನಿ.”

ಎಲ್ಲರೂ ಹೆಡ್‌ಫೋನು ತೆಗೆದ ಮೇಲೆಯೇ ಯಂತ್ರ ಬಂದ್ ಮಾಡುವುದು ಈ ಕೋಣೆಯ ರೂಢಿ. ದಿನವಿಡೀ ಒತ್ತಿಸಿಕೊಂಡ ಕಿವಿಗೆ ಅದೇ ಮೊದಲ ಬಿಡುಗಡೆ. ಆದರೆ ಪರದೆಯ ಮೇಲೆ ಏನೇ ಬಂದರೂ ಓದಿ ಹೇಳುವುದು ಆ ತಂತ್ರಾಂಶದ ಧರ್ಮ, ಅದು ಅರೆಗಳಿಗೆಯ ಚೌಕವಾದರೂ ಸರಿ. ತೊಂಬತ್ತರ ವೇಗದಲ್ಲಿ ಓದಿದರೆ ಅರೆಗಳಿಗೆಯೂ ಸಾಕು. ದೊಡ್ಡಣ್ಣ ಹೆಡ್‌ಫೋನು ಮತ್ತೆ ಏರಿಸಿಕೊಂಡು ಗುಂಡಿ ಒತ್ತುತ್ತಾರೆ. ಚೌಕ ಮಿನುಗಿ ಮಾಯವಾಗುತ್ತದೆ. ಅವರ ಹುಬ್ಬು ಗಂಟಿಕ್ಕುತ್ತದೆ.

“ಅಕ್ಕಾ, ಆಪತ್ತಿನ ಗಂಟು ಅಂದ್ರೆ ಏನು?”

ಇನ್‌ಸ್ಟಾಲಕ್ಕ ಪರದೆಯಿಂದ ತಟ್ಟನೆ ತಲೆಯೆತ್ತುತ್ತಾರೆ. ಆ ಹೆಸರನ್ನು ಅವರು ಯಾರಿಗೂ ಹೇಳಿದ್ದಿಲ್ಲ. ಗಂಡ ನಕ್ಕಾರೆಂದು ಮನೆಯಲ್ಲೂ ಹೇಳಿದ್ದಿಲ್ಲ. ದೊಡ್ಡಣ್ಣ ಕೇಳಿದ್ದನ್ನು ಅಕ್ಷರ ಬಿಡದೆ ಒಪ್ಪಿಸುತ್ತಾರೆ: ಪೂರ್ಣ ಪ್ರತಿ ದೊರಕಿದೆ, ಆಪತ್ತಿನ ಗಂಟಿನಿಂದ ಸರಿಪಡಿಸಲಾಗುತ್ತಿದೆ, ಅಪ್‌ಡೇಟ್ ಯಶಸ್ವಿಯಾಗಿದೆ.

ಅಕ್ಕತಂಗಿಯರೂ ತಮ್ಮ ಯಂತ್ರಗಳನ್ನು ಚಾಲೂ ಮಾಡಿ, ಬಂದ್ ಮಾಡಿ, ಕೇಳಿ ನೋಡುತ್ತಾರೆ. ಅಲ್ಲಿಯೂ ಅದೇ ಮಾತು. ನಿಧಾನಕ್ಕೆ ವಿಷಯ ಬಿಡಿಸಿಕೊಳ್ಳುತ್ತದೆ. ಅಪ್‌ಡೇಟರ್ ಒಮ್ಮೆ ಒಂದು ಯಂತ್ರಕ್ಕೆ, ಒಮ್ಮೆ ಮೂರಕ್ಕೂ ಹೊಸ ತಂತ್ರಾಂಶವನ್ನು ತಂದು ಹಾಕುತ್ತದೆ. ಸಂಜೆ ಬಂದ್ ಆಗುವಾಗ ಎಲ್ಲ ಸರಿಯಿದೆಯೇ ಎಂದು ತಾಳೆ ನೋಡಲು ಯಂತ್ರದೊಳಗೆ ಎಲ್ಲಾದರೂ ಪೂರ್ಣ ಪ್ರತಿ ಇದೆಯೇ ಎಂದು ಹುಡುಕುತ್ತದೆ. ಇನ್‌ಸ್ಟಾಲಕ್ಕ ಜೋಪಾನವಾಗಿಟ್ಟ ಹಳೆಯ ಗಂಟು ಸಿಗುತ್ತದೆ. ಇದೇ ಅಸಲಿ ಇರಬೇಕೆಂದು ಹೊಸದರ ತುಂಡುಗಳನ್ನು ಕಿತ್ತು ಹಳೆಯವನ್ನು ಅಂಟಿಸುತ್ತದೆ. ಬೆಳಿಗ್ಗೆ ಅರ್ಧ ಹೊಸದು, ಅರ್ಧ ಹಳೆಯದು ಸೇರಿ ಬಾಯಿ ಬಿಡಲಾಗದೆ ಕೂರುತ್ತವೆ. ಇನ್‌ಸ್ಟಾಲಕ್ಕ ಬಂದು ಅದೇ ಗಂಟಿನಿಂದ ಹಳೆಯದನ್ನು ಪೂರ್ತಿ ಹಾಕುತ್ತಾರೆ. ಇದು ಹಳೆಯದಾಯಿತೆಂದು ಅಪ್‌ಡೇಟರ್ ಮತ್ತೆ ಹೊಸದನ್ನು ತರುತ್ತದೆ. ಗಾಣದೆತ್ತಿನ ಹಾಗೆ ಹದಿನೆಂಟು ತಿಂಗಳು ಇಬ್ಬರೂ ಸುತ್ತಿದ್ದೇ ಸುತ್ತಿದ್ದು.

ಅಂದರೆ ಆಪತ್ತು ತಂದದ್ದು ಆಪತ್ತಿನ ಗಂಟೇ. ಇನ್‌ಸ್ಟಾಲಕ್ಕ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಪುಟ ತಿರುವುತ್ತಾರೆ. ಅವರಿಗೆ ಅಳು ಬರುತ್ತಿದೆಯೋ ನಗು ಬರುತ್ತಿದೆಯೋ ಅವರಿಗೇ ಗೊತ್ತಾಗುತ್ತಿಲ್ಲ. ನಾಚಿಕೆಯಂತೂ ಆಗುತ್ತಿದೆ. ನಾನೂರ ಹನ್ನೆರಡು ಗೀಟೂ ತಮ್ಮ ಕೈಯವೇ.

ಊಟದ ಹೊತ್ತಿಗೆ ಗಂಡನಿಗೆ ಹೇಳಿದಾಗ ಅವರು ನಗುವುದಿಲ್ಲ. ಹೊಸ ಯಂತ್ರಕ್ಕೆ ಹಳೇ ಯಂತ್ರದ ಸೂಜಿ ಹಾಕಿದರೆ ದಾರ ಕಡಿಯುತ್ತಲೇ ಇರುತ್ತದೆ, ದಾರದ್ದೇ ತಪ್ಪು ಅಂತ ತಾವೂ ಒಮ್ಮೆ ಆರು ರೀಲು ಎಸೆದದ್ದುಂಟು ಎನ್ನುತ್ತಾರೆ. ಇಷ್ಟು ವರ್ಷ ಈ ಕಥೆಯನ್ನು ಅವರು ಮುಚ್ಚಿಟ್ಟಿದ್ದರು.

ಹತ್ತನೆಯ ದಿನ. ನಸುಕಿನಲ್ಲಿ ಇನ್‌ಸ್ಟಾಲಕ್ಕ ಮೊದಲ ಯಂತ್ರದ ಮುಂದೆ ಕೂತು, ಗಂಟನ್ನು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಹಾಗೇ ಇರುತ್ತಾರೆ. ‘ಖಚಿತವೇ?’ ಎಂದು ಯಂತ್ರ ಕೇಳುತ್ತದೆ. ಖಚಿತವಿಲ್ಲ. ಇದನ್ನು ಅಳಿಸಿದ ಮೇಲೆ ಹೊಸದು ನಿಲ್ಲದಿದ್ದರೆ ಹಿಂದಕ್ಕೆ ಹೋಗಲು ದಾರಿಯೇ ಇಲ್ಲ. ಇನ್ನೂ ಐದು ದಿನ ಬಾಕಿ ಇದೆ. ಹಳೆಯ ದಾರಿಯಲ್ಲೇ ನಡೆದು, ಬೆಳಿಗ್ಗೆ ಬೆಳಿಗ್ಗೆ ಓಡಾಡಿ ಗಡುವನ್ನು ಹೇಗೋ ದಾಟಿಬಿಡಬಹುದು. ಆದರೆ ಹದಿನೈದನೆಯ ದಿನ? ಅವರು ಒತ್ತುತ್ತಾರೆ. ಮೂರು ಯಂತ್ರದಲ್ಲೂ ಒತ್ತುತ್ತಾರೆ. ಕಂಪನಿಯಿಂದ ಹೊಸ ಪ್ರತಿಯನ್ನೇ ಇಳಿಸಿ ಹಾಕಿ ಮುಗಿಸುವಾಗ ಆರು ಐವತ್ತೆರಡು. ಹೊಸ ದನಿ ಹೆಣ್ಣಿನದು, ಸ್ವಲ್ಪ ಅವಸರದ್ದು. ಅಕ್ಕತಂಗಿಯರು ಅದಕ್ಕೆ ಹೊಸ ಸೊಸೆ ಎಂದು ಹೆಸರಿಡುತ್ತಾರೆ.

ಹನ್ನೊಂದು ಗಂಟೆಗೆ ಇನ್‌ಸ್ಟಾಲಕ್ಕ ಆಡಳಿತಾಧಿಕಾರಿಯ ಕೋಣೆಗೆ ಹೋಗುತ್ತಾರೆ. ನಿಂತೇ ಎಲ್ಲವನ್ನೂ ಹೇಳುತ್ತಾರೆ, ಗಂಟಿನ ಹೆಸರನ್ನೂ. ಅಧಿಕಾರಿ ನೋಟ್‌ಬುಕ್ಕು ತಿರುವುತ್ತ ತಬ್ಬಿಬ್ಬಾಗುತ್ತಾರೆ. ಬೈಯಬೇಕೋ ಬೆನ್ನು ತಟ್ಟಬೇಕೋ ಅವರಿಗೂ ತಿಳಿಯುವುದಿಲ್ಲ. ನೀವು ಹೇಳದೆ ಇದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲವಲ್ಲ ಎನ್ನುತ್ತಾರೆ.

“ಗೊತ್ತಾಗ್ತಿರಲಿಲ್ಲ ಸಾರ್. ಆದ್ರೆ ದೂರಲ್ಲಿ ಅವರ ಹೆಸರಿದೆ, ನನ್ನ ಹೆಸರಿಲ್ಲ. ನನ್ನನ್ನ ಬೇಕಾದ್ರೆ ನೆಲ ಒರೆಸೋಕೆ ಮತ್ತೆ ಕಳಿಸಿ. ಅವರ ಕೋಣೆ ಮುಚ್ಚಬೇಡಿ.”

ಅಧಿಕಾರಿ ನೋಟ್‌ಬುಕ್ಕು ಮುಚ್ಚುತ್ತಾರೆ. ಹದಿನಾಲ್ಕು ದಿನ ಅಂದರೆ ಹದಿನಾಲ್ಕು ದಿನ ಎಂದು ಮಾತ್ರ ಹೇಳಿ ನೋಟ್‌ಬುಕ್ಕು ಹಿಂತಿರುಗಿಸುತ್ತಾರೆ.

ಹನ್ನೊಂದನೆಯ ದಿನ ಬೆಳಿಗ್ಗೆ ಐದೂವರೆಗೆ ಮೂರೂ ಯಂತ್ರಗಳು ನಮಸ್ಕಾರ ಎನ್ನುತ್ತವೆ. ಇನ್‌ಸ್ಟಾಲಕ್ಕ ನಂಬುವುದಿಲ್ಲ. ಬಂದ್ ಮಾಡಿ ಮತ್ತೆ ಹಾಕುತ್ತಾರೆ. ನಮಸ್ಕಾರ. ಮತ್ತೆ ಬಂದ್. ಮತ್ತೆ ನಮಸ್ಕಾರ. ಬೇಗ ಬಂದ ದೊಡ್ಡಣ್ಣ ಬಾಗಿಲಲ್ಲಿ ನಿಂತು, ಎದ್ದು ಕೂತವರನ್ನು ಯಾಕೆ ಮತ್ತೆ ಮತ್ತೆ ಮಲಗಿಸುತ್ತೀರಿ ಎಂದು ಕೇಳುವವರೆಗೂ ಇದು ನಡೆಯುತ್ತದೆ. ಮಾಡಲು ಕೆಲಸವಿಲ್ಲದ ಒಂದೂಕಾಲು ಗಂಟೆಯನ್ನು ಏನು ಮಾಡಬೇಕೆಂದು ಇನ್‌ಸ್ಟಾಲಕ್ಕನಿಗೆ ತೋಚುವುದಿಲ್ಲ. ಬಟ್ಟೆ ತಂದು ಕಿಟಕಿಯ ಗಾಜು ಒರೆಸುತ್ತಾರೆ. ಅದು ಒಂಬತ್ತು ವರ್ಷದಿಂದ ಯಾರ ಕಣ್ಣಿಗೂ ಬೀಳದ ಕಿಟಕಿ.

ಹನ್ನೆರಡನೆಯ ದಿನ ನಿಜವಾದ ಪರೀಕ್ಷೆ. ಸಂಜೆ ಅಪ್‌ಡೇಟರ್ ಇನ್ನೊಂದು ಹೊಸ ಪ್ರತಿ ತಂದಿದೆ. ಮೂವರೂ ಹೆಡ್‌ಫೋನು ತೆಗೆಯದೆ ಬಂದ್ ಮಾಡುತ್ತಾರೆ. ಬೂದು ಚೌಕ ಮಿನುಗುತ್ತದೆ. ಗಂಟಿನ ಮಾತಿಲ್ಲ, ಯಶಸ್ವಿಯಾಗಿದೆ ಎಂಬುದಷ್ಟೇ ಇದೆ. ಇದನ್ನು ನಂಬುವುದು ಹೇಗೆ? ನಾನೂರು ಸಲ ಇದೇ ಮಾತು ಹೇಳಿದ ಬಾಯಿ ಅದು. ಇನ್‌ಸ್ಟಾಲಕ್ಕ ಮರುದಿನ ಐದೂವರೆಯ ಬದಲು ಐದಕ್ಕೇ ಬರುತ್ತಾರೆ. ಮೂರೂ ಎದ್ದಿವೆ.

ಹದಿನಾಲ್ಕನೆಯ ದಿನ ಏಳಕ್ಕೆ ಐದು ನಿಮಿಷ ಇರುವಾಗ ಆಡಳಿತಾಧಿಕಾರಿಯೇ ಮೆಟ್ಟಿಲ ಕೆಳಗಿನ ಕೋಣೆಗೆ ಬರುತ್ತಾರೆ. ಗೋಡೆಗೊರಗಿ ನಿಂತು ಗಡಿಯಾರ ನೋಡುತ್ತಾರೆ. ಏಳಕ್ಕೆ ಮೊದಲ ಕರೆ ಅಕ್ಕನ ಲೈನಿಗೆ ಬರುತ್ತದೆ. ಯಾರದೋ ತಂದೆ ಯಾವ ವಾರ್ಡಿನಲ್ಲಿದ್ದಾರೆಂಬ ವಿಚಾರಣೆ. ಆಕೆಯ ಬೆರಳು ಓಡುತ್ತದೆ, ಹೊಸ ಸೊಸೆ ಕಿವಿಯಲ್ಲಿ ಗುಂಯ್‌ಗುಡುತ್ತಾಳೆ. ಆಕೆ ವಾರ್ಡು ಹೇಳಿ, ಒಮ್ಮೆ ನಿಂತು, ಇನ್ನೊಮ್ಮೆ ಕೇಳಿಸಿಕೊಂಡು ಅದನ್ನೇ ಮತ್ತೆ ಹೇಳುತ್ತಾರೆ. ಅಧಿಕಾರಿ ಒಂಬತ್ತು ಕರೆ ಮುಗಿಯುವವರೆಗೂ ನಿಲ್ಲುತ್ತಾರೆ. ಹೊರಡುವಾಗ, ಕೋಣೆ ಇರುತ್ತದೆ ಎಂದು ಮೆಲ್ಲಗೆ ಹೇಳುತ್ತಾರೆ. ದೊಡ್ಡಣ್ಣ ಕರೆಯ ನಡುವೆಯೇ ಕೈ ಚಾಚಿ, ಗಾಳಿಯಲ್ಲಿ ತಡಕಿ, ಇನ್‌ಸ್ಟಾಲಕ್ಕನ ಮೊಣಕೈ ಹಿಡಿದುಕೊಳ್ಳುತ್ತಾರೆ.

ಇನ್‌ಸ್ಟಾಲಕ್ಕನ ಕಾಗದದಲ್ಲಿ ಇವತ್ತಿಗೂ ಅದೇ ‘ಸಹಾಯಕಿ, ಸ್ವಚ್ಛತೆ’. ಅದರ ಬಗ್ಗೆ ಕೇಳಿದರೆ ಅವರು ಮಾತು ತಿರುಗಿಸುತ್ತಾರೆ. ತಮ್ಮ ಬಗ್ಗೆ ಬರೆಯುವುದಾದರೆ ತಪ್ಪು ತಮ್ಮದೇ ಎಂಬುದನ್ನೂ ಬರೆಯಬೇಕು, ಬಿಡಬಾರದು ಎಂಬುದು ಅವರ ಒಂದೇ ಷರತ್ತು. ಆಸೆಯೊಂದಿದೆ.

“ಆ ಅಪ್‌ಡೇಟ್ ಮಾಡಿದವರು ಎಲ್ಲೋ ಒಬ್ಬರು ಇರ್ತಾರಲ್ಲ, ಅವರು ಒಂದು ದಿನ ಬೆಳಗ್ಗೆ ಐದೂವರೆಗೆ ಇಲ್ಲಿ ಬಂದು ಕೂತ್ಕೋಬೇಕು. ಬೈಯೋಕಲ್ಲ, ಚಹಾ ಕೊಡ್ತೀನಿ. ನೀವೇ ಹೊಸದು ಮಾಡಿದ್ರಿ, ಅದನ್ನ ಬಿಟ್ಟು ನನ್ನ ಹಳೇ ಗಂಟನ್ನ ಯಾಕೆ ನಂಬಿದ್ರಿ ಅಂತ ಕೇಳಬೇಕು. ಅದೊಂದು ನನಗೆ ಇನ್ನೂ ಅರ್ಥ ಆಗಿಲ್ಲ.”

ಇನ್ನು ಮೇಲೆ ಆರೂವರೆಗೆ ಬಂದರೂ ಸಾಕೆಂದು ಎಲ್ಲರೂ ಹೇಳಿದ್ದಾರೆ. ಅವರು ಈಗಲೂ ಐದೂವರೆಗೇ ಬರುತ್ತಾರೆ. ಗೋಡೆಯಂಚು ಹಿಡಿದು ನಡೆದು, ಮೂರು ಹೆಡ್‌ಫೋನುಗಳನ್ನೂ ಒಂದೊಂದಾಗಿ ಕಿವಿಗೆ ಒತ್ತಿ ಕೇಳುತ್ತಾರೆ. ನೋಟ್‌ಬುಕ್ಕಿನಲ್ಲಿ ಗೀಟು ಎಳೆಯಲು ಏನೂ ಇಲ್ಲದೆ ಬರೀ ತಾರೀಕು ಬರೆಯುತ್ತಾರೆ. ಮಧ್ಯಾಹ್ನ ಮನೆಗೆ ಬಂದಾಗ, ಹೊಲಿಗೆ ಯಂತ್ರಗಳ ಸಂದಿಯಲ್ಲಿ ಕೂತ ಅತ್ತೆಯ ಪ್ರಶ್ನೆ ಕಾದಿರುತ್ತದೆ. ಮೂವರೂ ಎದ್ದರಾ?

“ಎದ್ದಿದ್ರು ಅತ್ತೆ,” ಎನ್ನುತ್ತಾರೆ ಇನ್‌ಸ್ಟಾಲಕ್ಕ ಚೀಲ ಕೆಳಗಿಡುತ್ತ. “ನನ್ನನ್ನೇ ಕಾಯ್ತಾ ಕೂತಿದ್ರು.”